ಕಿವಿ ಹರಿದ ಜಿಂಕೆಯ ಫೋಟೊ

ಟೈಲರಮ್ಮನ ಹೊಟ್ಟೆಕಿಚ್ಚಿಗೆ ಕಾರಣ ಒಂದು ಫೋಟೊ. ಅವಳ ಓರಗಿತ್ತಿ ಬೇಕರಿ ನಡೆಸುವವಳು. ಜೌಗು ನೆಲದ ಅಭಯಾರಣ್ಯಕ್ಕೆ ಹೋಗಿ, ಅಪರೂಪದ ಜೌಗು ಜಿಂಕೆಗೆ ಕೈಯಾರೆ ಬಿಸ್ಕತ್ತು ತಿನ್ನಿಸಿ ಬಂದಿದ್ದಳು. ಆ ಫೋಟೊ ದೊಡ್ಡದು ಮಾಡಿಸಿ ಗಲ್ಲಾಪೆಟ್ಟಿಗೆಯ ಮೇಲೇ ನೇತುಹಾಕಿದ್ದಳು. ಬನ್ನು ಬೇಕಾದವರು ಮೊದಲು ಜಿಂಕೆಯ ಕಥೆ ಕೇಳಬೇಕಿತ್ತು.

"ಹುಲೀನೂ ನೋಡಿದೆ ಕಣೇ. ಹುಲ್ಲಿನ ಮಧ್ಯೆ ಬಾಲ ಕಂಡ್ತು. ಎಲ್ಲರಿಗೂ ಆ ಅದೃಷ್ಟ ಇರಲ್ಲ ಬಿಡು."

"ಹೌದಾ ಅಕ್ಕಾ," ಎಂದು ಹಲ್ಲು ಕಿರಿದ ಟೈಲರಮ್ಮ ಮನೆಗೆ ಬಂದವಳೇ ಗಂಡನಿಗೆ ಗಂಟುಬಿದ್ದಳು.

"ಬಾಲ ತಾನೇ? ನಾನು ಇಡೀ ಹುಲೀನೇ ನೋಡ್ತೀನಿ. ಜಿಂಕೆ ಹಿಂಡಿಗೆ ಹಿಂಡೇ ನನ್ನ ಕೈಯಿಂದ ತಿನ್ನಬೇಕು. ಭಾನುವಾರ ಹೊರಡಿ!"

"ಕಾಡು ನೋಡೋಕೋ, ಅಕ್ಕನ ಮೇಲೆ ಸೇಡು ತೀರಿಸ್ಕೊಳ್ಳೋಕೋ?" ಎಂದ ಗಂಡ.

ಭಾನುವಾರ ಜೀಪು ಜೊಂಡಿನ ಪಕ್ಕ ನಿಂತಿತು. ಮೊಣಕಾಲುದ್ದ ನೀರಿನಲ್ಲಿ ಜಿಂಕೆಗಳು ಮೇಯುತ್ತಿದ್ದವು. ಟೈಲರಮ್ಮ ಬೇಕೆಂದೇ ಬೇರೆ ಅಂಗಡಿಯಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಪರಪರನೆ ಹರಿದಳು. ಗೈಡ್ ಹೆಂಗಸು ಕೈ ಹಿಡಿದಳು.

"ಒಳಗಿಡಿ ಅಕ್ಕ. ಇಲ್ಲಿ ಪ್ರಾಣಿಗೆ ಏನೂ ತಿನ್ನಿಸಬಾರದು."

"ನಮ್ಮ ಓರಗಿತ್ತಿ ತಿನ್ನಿಸಿದ್ಳಲ್ಲ! ಅವಳಿಗೊಂದು ನ್ಯಾಯ, ನನಗೊಂದು ನ್ಯಾಯನಾ?"

ಟೈಲರಮ್ಮ ಮೊಬೈಲ್ ತೆಗೆದು ತೋರಿಸಿದಳು. ಆಗಾಗ ನೋಡಿ ಉರಿದುಕೊಳ್ಳಲು ಆ ಫೋಟೊ ಅವಳ ಬಳಿಯೂ ಇತ್ತು. ಗೈಡ್‌ನ ಮುಖ ಸಪ್ಪಗಾಯಿತು.

"ಕಿವಿ ಹರಿದಿದೆ ನೋಡಿ, ಈ ಜಿಂಕೆ ನಮಗೆಲ್ಲ ಗೊತ್ತಿತ್ತು. ಯಾರೋ ರುಚಿ ಹತ್ತಿಸಿಬಿಟ್ರು. ಆಮೇಲೆ ಗಾಡಿ ಸದ್ದು ಕೇಳಿದ್ರೆ ಸಾಕು, ಓಡಿ ಬರ್ತಿತ್ತು. ಹೋದ ತಿಂಗಳು ರಸ್ತೆವರೆಗೂ ಬಂದು ಲಾರಿಗೆ ಸಿಕ್ಕಿ ಸತ್ತೋಯ್ತು. ಹೊಟ್ಟೇಲಿ ಪ್ಲಾಸ್ಟಿಕ್ ಕವರೂ ಇತ್ತು. ಹುಲಿ ತಿಂದಿದ್ರೆ ಕಾಡಿನ ಲೆಕ್ಕ ಅಂತಿದ್ವಿ. ಇದು ನಮ್ಮ ಲೆಕ್ಕ."

ಟೈಲರಮ್ಮ ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿದಳು. ಹುಲಿ ಅಂದು ಕಾಣಲೇ ಇಲ್ಲ.

ಆದರೂ ಬರುವಾಗ ಒಳಗೊಳಗೇ ಖುಷಿ. ಗಿರಾಕಿಗಳ ಮುಂದೆಯೇ ಅಕ್ಕನ ಬಣ್ಣ ಬಯಲು ಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಬೇಕರಿಗೆ ಹೋದರೆ, ಓರಗಿತ್ತಿ ಫೋಟೊದ ಗಾಜು ಒರೆಸುತ್ತಿದ್ದಳು.

"ನನ್ನ ಜಿಂಕೆ ಸಿಕ್ತೇನೇ? ಚೆನ್ನಾಗಿದೆಯಾ?"

ಟೈಲರಮ್ಮ ಜೋಡಿಸಿಟ್ಟ ಮಾತನ್ನೆಲ್ಲ ಕೈಬಿಟ್ಟಳು. ಅಂಗಡಿ ಖಾಲಿಯಾಗುವವರೆಗೆ ಕಾದು, ಜಿಂಕೆ ಸತ್ತದ್ದನ್ನು ಮೆಲ್ಲಗೆ ಹೇಳಿದಳು. ಓರಗಿತ್ತಿ ಸ್ಟೂಲು ಹತ್ತಿ ಫೋಟೊ ಇಳಿಸಿದಳು.

"ಪ್ರೀತಿಯಿಂದಲೇ ಕೊಟ್ಟೆ ಕಣೇ," ಎಂದಳು.

"ಗೊತ್ತು ಅಕ್ಕ. ನಾನು ಹೊಟ್ಟೆಕಿಚ್ಚಿಗೆ ಕೊಡೋಕೆ ಹೋಗಿದ್ದೆ."

ಮುಂದಿನ ಸಲ ಎರಡೂ ಮನೆಯವರು ಒಂದೇ ಜೀಪಿನಲ್ಲಿ ಹೋದರು. ಕೈ ಖಾಲಿ, ಬಾಯಿ ಬಂದ್. ಇದ್ದಕ್ಕಿದ್ದಂತೆ ಜಿಂಕೆಗಳು ತಲೆ ಎತ್ತಿ ಕೂಗಿದವು. ಜೊಂಡು ಸರಿಸಿಕೊಂಡು ಹುಲಿ ಹೊರಗೆ ಬಂತು, ಓರಗಿತ್ತಿ ಕೂತ ಕಡೆಗೇ! ಈ ಕಡೆ ಕೂತ ಟೈಲರಮ್ಮನಿಗೆ ಕಂಡದ್ದು ಬರೀ ಬಾಲ. ಹೊಟ್ಟೆ ಧಗಧಗ ಉರಿಯಿತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ.

ನೀವೂ ಹೋಗಿ ಬನ್ನಿ. ಗಾಡಿಯಿಂದ ಇಳಿಯಬೇಡಿ, ಕೂಗಬೇಡಿ, ಕವರು ಎಸೆಯಬೇಡಿ, ಯಾವ ಪ್ರಾಣಿಗೂ ತಿಂಡಿ ಕೊಡಬೇಡಿ. ಹೊಟ್ಟೆಕಿಚ್ಚನ್ನು ಬೇಕಾದರೆ ಜತೆಗೇ ಒಯ್ಯಿರಿ, ಬಿಸ್ಕತ್ತು ಮಾತ್ರ ಮನೆಯಲ್ಲೇ ಇರಲಿ.