ಪಕ್ಕದ ಸೀಟಿನ ಬ್ರೇಕು

ನಮ್ಮ ಪಿಕಪ್ ಗಾಡಿಗೆ ಇರುವುದು ಒಂದೇ ಬ್ರೇಕು. ಅಪ್ಪನ ಲೆಕ್ಕದಲ್ಲಿ ಎರಡು. ನಾನು ತರಕಾರಿ ತರಲು ಗಾಡಿ ತೆಗೆದರೂ ಅವನು ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ತುಳಿದು ತುಳಿದು, ಅಲ್ಲಿನ ರಬ್ಬರ್ ಹಾಸು ತೂತಾಗಿದೆ. ಓಡಿಸುವವರ ಕಾಲಡಿಯದು ಇನ್ನೂ ಹೊಸದರ ಹಾಗಿದೆ ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ.

ಅಪ್ಪ ದೋಣಿ ಕಟ್ಟುವವನು. ಹದಿನಾಲ್ಕು ವರ್ಷದಿಂದ ನಾನೂ ಅವನ ಜೊತೆ ಹಲಗೆ ಕೊಯ್ದು, ಉಜ್ಜಿ, ಬಣ್ಣ ಹೊಡೆದಿದ್ದೇನೆ. ಆದರೆ ಕಟ್ಟಿದ ದೋಣಿಯನ್ನು ಟ್ರೇಲರ್ ಮೇಲೆ ಕೂರಿಸಿ, ಪಿಕಪ್ಪಿಗೆ ಕೊಂಡಿ ಹಾಕಿ, ನೀರಿನವರೆಗೆ ಎಳೆದುಕೊಂಡು ಹೋಗುವ ಕೆಲಸ ಮಾತ್ರ ಅವನದೇ. ಎಳೆಯುವುದು ದೊಡ್ಡದಲ್ಲ, ನಿಲ್ಲಿಸುವುದು ಕಲಿಯಬೇಕು ಎನ್ನುತ್ತಿದ್ದ. ಹಾಗಾದರೆ ಕಲಿಸು ಎಂದರೆ, ಮುಂದಿನ ದೋಣಿಗೆ ನೋಡೋಣ ಎಂಬ ಉತ್ತರ. ಹೀಗೆ ಇಪ್ಪತ್ತೆರಡು ಮುಂದಿನ ದೋಣಿಗಳು ನೀರಿಗಿಳಿದವು.

ಈ ವರ್ಷ ಅವನ ಕಣ್ಣು ಮಂಜಾಯಿತು. ಇನ್ನು ಗಾಡಿ ಓಡಿಸಕೂಡದು ಎಂದು ಆಸ್ಪತ್ರೆಯಲ್ಲಿ ಹೇಳಿಬಿಟ್ಟರು. ಅಪ್ಪ ಎರಡು ದಿನ ಊಟ ಬಿಟ್ಟ, ಅಂದರೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ. ಮೂರನೇ ದಿನ ತೀರ್ಪು ಕೊಟ್ಟ: ಹಲ್ಲಿನ ಡಾಕ್ಟರು ಕಟ್ಟಿಸಿದ ದೊಡ್ಡ ದೋಣಿಯನ್ನು ನಾನು ಎಳೆದೊಯ್ದು ನೀರಿಗಿಳಿಸಬೇಕು. ಸರಿಹೋದರೆ ಕೀಲಿ ನನ್ನದು, ಇಲ್ಲವಾದರೆ ಶೆಡ್ಡಿಗೆ ಬೀಗ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಹೇಳಿದರೆ ಮಾಡಿಯೇ ಬಿಡುತ್ತಾನೆ. ನನಗೆ ಆ ಶೆಡ್ಡು ಬಿಟ್ಟು ಬೇರೇನೂ ಬೇಕಿರಲಿಲ್ಲ. ನಿಜಕ್ಕೂ ಹೆದರಿದೆ.

ದೋಣಿಯ ಹಿಂಭಾಗದ ತಳದಲ್ಲಿ ಒಂದು ತೂತಿರುತ್ತದೆ. ನೆಲದ ಮೇಲಿರುವಾಗ ಮಳೆನೀರು ಇಳಿದುಹೋಗಲೆಂದು ಅದನ್ನು ತೆರೆದಿಟ್ಟು, ನೀರಿಗಿಳಿಸುವ ಮುಂಚೆ ಹಿತ್ತಾಳೆಯ ಬಿರಡೆ ಬಿಗಿಯಬೇಕು. ಮರೆಯಬಾರದೆಂದು ಅಪ್ಪ ಪ್ರತಿ ದೋಣಿಯ ಬಿರಡೆಯನ್ನೂ ಗಾಡಿಯ ಕೀಲಿಗೇ ದಾರದಿಂದ ಕಟ್ಟುತ್ತಿದ್ದ. ಆ ಬೆಳಿಗ್ಗೆ ಮಾತ್ರ ದಾರ ಬಿಚ್ಚಿ ಬಿರಡೆಯನ್ನು ಜೇಬಿಗಿಳಿಸಿ, ಬರೀ ಕೀಲಿ ಕೊಟ್ಟ.

"ಬಿರಡೆ ನನ್ನ ಜವಾಬ್ದಾರಿ. ಒಂದೇ ದಿನ ಎಲ್ಲಾ ಕೊಡಕ್ಕಾಗಲ್ಲ ಪುಟ್ಟಿ."

ಪುಟ್ಟಿಗೆ ಮೂವತ್ತಾರು ವರ್ಷ.

ದಾರಿಯುದ್ದಕ್ಕೂ ಅಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ತಿರುವಿಗೆ ಮೂರು ಸಲ, ಉಬ್ಬಿಗೆ ಎರಡು ಸಲ ತನ್ನ ಬ್ರೇಕು ತುಳಿದ. ಒಂದು ನಾಯಿ ರಸ್ತೆ ದಾಟುವ ಯೋಚನೆ ಮಾಡಿದ್ದಕ್ಕೂ ತುಳಿದ.

ನೀರಿಗಿಳಿಯುವ ಇಳಿಜಾರಿನ ಬಳಿ ಹಲ್ಲಿನ ಡಾಕ್ಟರು ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಗುತ್ತದೆ. ಅಪ್ಪನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಇದೇನೂ ಹೊಸದಲ್ಲ. ಅವನು ಕೆಳಗಿಳಿದು ಎರಡೂ ಕೈ ಬೀಸಿ ದಾರಿ ತೋರಿಸಿದ, ಎರಡೂ ಬೇರೆ ಬೇರೆ ದಿಕ್ಕಿಗೆ. ನಾನು ಕನ್ನಡಿ ನೋಡಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದೋಣಿಯನ್ನು ಟ್ರೇಲರ್ ಸಮೇತ ನೀರಿಗಿಳಿಸಿದೆ.

ದೋಣಿ ತೇಲಲಿಲ್ಲ. ಹಿಂಭಾಗ ಸುಮ್ಮನೆ ತಗ್ಗುತ್ತಾ ಹೋಯಿತು.

"ಅಪ್ಪಾ, ಬಿರಡೆ?"

ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ದೋಣಿಯ ಮೂತಿಯನ್ನು ಟ್ರೇಲರಿಗೆ ಬಿಗಿದ ಪಟ್ಟಿಯನ್ನು ನಾನಿನ್ನೂ ಬಿಚ್ಚಿರಲಿಲ್ಲ, ಅದೊಂದು ಪುಣ್ಯ. ಮೊದಲ ಗೇರಿಗೆ ಹಾಕಿ, ನೀರು ತುಂಬಿದ ಭಾರವನ್ನು ಅಂಗುಲ ಅಂಗುಲವಾಗಿ ಎಳೆದೆ. ಗಾಡಿ ನರಳಿತು, ಚಕ್ರ ಒಮ್ಮೆ ಜಾರಿ ಮತ್ತೆ ಹಿಡಿಯಿತು. ದೋಣಿ ಮೇಲೆ ಬಂದು, ತೂತಿನಿಂದ ನೀರು ಸುರಿಯತೊಡಗಿತು.

ಇದೇನು ಎಂದು ಡಾಕ್ಟರು ಕೇಳಿದರು. ಅಪ್ಪನ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷದಲ್ಲಿ ಒಮ್ಮೆಯೂ ಮರೆಯದವನು. ಮೊದಲ ಸಲ ಒಳಗೂ ಒಮ್ಮೆ ತೊಳೆಯುತ್ತೇವೆ, ನಮ್ಮ ಶೆಡ್ಡಿನ ಪದ್ಧತಿ ಎಂದುಬಿಟ್ಟೆ. ಡಾಕ್ಟರಿಗೆ ಬಹಳ ಹಿಡಿಸಿತು. ತಾವೂ ಮೊದಲು ಬಾಯಿ ಮುಕ್ಕಳಿಸಲು ಹೇಳುವುದುಂಟು ಎಂದು ತಲೆದೂಗಿದರು.

ಅಪ್ಪ ಗಂಟಲು ಸರಿಮಾಡಿಕೊಂಡ.

"ಪದ್ಧತಿನೂ ಇಲ್ಲ, ಏನೂ ಇಲ್ಲ ಡಾಕ್ಟರೇ. ಬಿರಡೆ ಹಾಕೋದು ನಾನು ಮರೆತೆ. ದೋಣಿ ಉಳಿಸಿದ್ದು ಇವಳು."

ಬಿರಡೆಯನ್ನು ನನ್ನ ಕೈಗೆ ಕೊಟ್ಟ. ನಾನೇ ಬಿಗಿದೆ. ಎರಡನೇ ಸಲಕ್ಕೆ ದೋಣಿ ತೇಲಿತು.

ವಾಪಸು ಹೊರಡುವಾಗ ಕೀಲಿ ತಿರುಗಿಸಲು ಹೋದೆ, ಅಪ್ಪ ತಡೆದ. ಜೇಬಿನಿಂದ ಆ ಖಾಲಿ ದಾರ ತೆಗೆದು, ಮಂಜುಗಣ್ಣಿಗೆ ಹತ್ತಿರ ಹಿಡಿದು, ಕೀಲಿಗೆ ಕಟ್ಟಿ ಗಂಟು ಹಾಕಿದ.

"ಮುಂದಿನ ದೋಣಿಗೆ," ಎಂದ.

ನನ್ನ ಕಣ್ಣು ತುಂಬಿತು. ಬೈಸಿಕೊಳ್ಳಬಾರದೆಂದು ರಸ್ತೆ ನೋಡಿದೆ. ಮೊದಲ ತಿರುವು ಬಂದಾಗ ಅಭ್ಯಾಸಬಲದಿಂದ ಅವನ ಕಾಲಿನ ಕಡೆ ಕಣ್ಣು ಹಾಯಿಸಿದೆ. ಎರಡೂ ಕಾಲು ಚಾಚಿ, ಬಾಯಿ ತೆರೆದು, ಅಪ್ಪ ನಿದ್ದೆ ಹೋಗಿದ್ದ.