ಫಿಲೊಮೆನಾಳ ಗೋಡೆಯ ಶಿಲುಬೆ

ಅಮೆರಿಕದ ಯೂಟಾ ರಾಜ್ಯದ ಪ್ರೈಸ್ ಊರಿನಲ್ಲಿ ಆರ್ವಿಲ್ಲಾ ಸೊರೆನ್‌ಸನ್ ಮತ್ತು ಫಿಲೊಮೆನಾ ಬೊನಾಚಿ ಬೇಲಿಗೆ ಬೇಲಿ ತಾಗಿಕೊಂಡ ಮನೆಗಳಲ್ಲಿದ್ದರು. ಆರ್ವಿಲ್ಲಾ ಮಾರ್ಮನ್ ಎಂಬ ಕ್ರೈಸ್ತ ಪಂಥದವಳು, ಅಲ್ಲಿ ನಿಷಿದ್ಧವೆಂದು ಮನೆಗೆ ಕಾಫಿಪುಡಿ ಕೂಡ ತರದವಳು. ಫಿಲೊಮೆನಾ ಕ್ಯಾಥೊಲಿಕ್, ಇಟಲಿಯಿಂದ ಮದುವೆಯಾಗಿ ಬಂದು, ಗಂಡನನ್ನು ಕಲ್ಲಿದ್ದಲ ಗಣಿಯಲ್ಲಿ ಕಳೆದುಕೊಂಡು, ಒಬ್ಬಳೇ ಬಾಳಿದ ಮುದುಕಿ. ಏಪ್ರಿಕಾಟ್ ಹಣ್ಣಾದಾಗ ಇಬ್ಬರೂ ಒಟ್ಟಿಗೆ ಜಾಮ್ ಕಾಯಿಸುತ್ತಿದ್ದರು. ದೇವರ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆ ಚಳಿಗಾಲ ಮುದುಕಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಹೋಗುವಾಗ ಬೀಗದ ಕೈ ಕೊಟ್ಟು, "ಬೆಕ್ಕಿಗೆ ಹಾಲಿಡು ತಾಯಿ, ಅಷ್ಟು ಸಾಕು," ಅಂದಿದ್ದಳು.

ಆರ್ವಿಲ್ಲಾಳಿಗೆ ಅಷ್ಟು ಸಾಕಾಗಲಿಲ್ಲ. ತಮ್ಮ ಮಾರ್ಮನ್ ಸಭೆಯ ಹೆಂಗಸರನ್ನು ಕರೆದುಕೊಂಡು ಬಂದು ಮನೆಯನ್ನೆಲ್ಲ ಗುಡಿಸಿ ಒರೆಸಲು ನಿಂತಳು. ಮಲಗುವ ಕೋಣೆಯಲ್ಲಿ, ಮಂಚದ ಎದುರಿಗೇ, ತೋಳುದ್ದದ ಒಂದು ಶಿಲುಬೆ. ಅದರ ಮೇಲೆ ಮರದ ಯೇಸು: ಪಕ್ಕೆಯಲ್ಲಿ ಬಾಯಿಬಿಟ್ಟ ಗಾಯ, ಮಂಡಿಯ ಚರ್ಮ ಕಿತ್ತುಬಂದಿದೆ, ಹಣೆಯಿಂದ ಗಡ್ಡದವರೆಗೆ ಕೆಂಪು ಬಣ್ಣ ಇಳಿದಿದೆ.

ಜೊತೆಗೆ ಬಂದಿದ್ದ ಲರೂ ಬಾಗಿಲಲ್ಲೇ ನಿಂತುಬಿಟ್ಟಳು. "ಇದೇನ್ರೀ ಸಿಸ್ಟರ್, ದೇವರ ಕೋಣೆನೋ ಕಸಾಯಿ ಅಂಗಡಿನೋ?"

ಎಲ್ಲರೂ ನಕ್ಕರು. ಆರ್ವಿಲ್ಲಾಳೂ ನಕ್ಕಳು.

ಮಾರ್ಮನ್ನರ ಪ್ರಾರ್ಥನಾ ಮಂದಿರದಲ್ಲಿ ಶಿಲುಬೆಯೇ ಇಲ್ಲ. ಸಾವಿನಿಂದ ಎದ್ದು ಬಂದವನನ್ನು ಸತ್ತವನ ಹಾಗೆ ಯಾಕೆ ತೂಗುಹಾಕಬೇಕು ಎಂದು ಕೇಳಿಕೊಂಡೇ ಬೆಳೆದವಳು ಆರ್ವಿಲ್ಲಾ. ಕಾಯಿಲೆಯಿಂದ ಎದ್ದುಬರುವ ಮುದುಕಿ ಕಣ್ಣುಬಿಟ್ಟ ಕೂಡಲೇ ಇದನ್ನು ನೋಡಬೇಕೇ ಅನ್ನಿಸಿತು. ತನ್ನ ಮನೆಯಿಂದ ಒಂದು ಚಿತ್ರ ತಂದಳು. ಬಿಳಿ ನಿಲುವಂಗಿ, ಬಾಚಿದ ಕೂದಲು, ಬೆನ್ನ ಹಿಂದೆ ಬೆಳಕು, ಕೈ ಚಾಚಿ ಕರೆಯುವ ಯೇಸು.

ಗಂಡ ವರ್ಲ್ ಮೊಳೆ ಕೊಡುವಾಗ ಕೇಳಿದ. "ಅವರನ್ನ ಕೇಳಿದ್ಯಾ?"

"ಒಳ್ಳೇದು ಮಾಡೋಕೂ ಕೇಳ್ಬೇಕಾ?"

ಶಿಲುಬೆ ಇಳಿಸುವಾಗ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಕೈಜಾರಿ ಮಂಚದ ಚೌಕಟ್ಟಿಗೆ ಬಡಿದು, ಯೇಸುವಿನ ಬಲತೋಳು ಭುಜದಲ್ಲೇ ಮುರಿಯಿತು. ಆರ್ವಿಲ್ಲಾ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ತನ್ನ ನೆಲಮಾಳಿಗೆಯಲ್ಲಿ ಆಲೂಗೆಡ್ಡೆಯ ಪಕ್ಕ ಇಟ್ಟಳು.

ಫಿಲೊಮೆನಾ ಮನೆಗೆ ಬಂದ ದಿನ ಹೆಂಗಸರೆಲ್ಲ ಚೀಸ್ ಹಾಕಿ ಬೇಯಿಸಿದ ಆಲೂಗೆಡ್ಡೆ, ಹಸಿರು ಜೆಲ್ಲಿ ಹಿಡಿದು ಕಾದಿದ್ದರು. ಮುದುಕಿ ಮಂಚದ ಮೇಲೆ ಕೂತು ಗೋಡೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಇವನ್ಯಾರು?"

"ಯೇಸು, ಫಿಲೊಮೆನಾ," ಅಂದಳು ಆರ್ವಿಲ್ಲಾ.

"ಈಗಷ್ಟೇ ಸ್ನಾನ ಮಾಡ್ಕೊಂಡು ಬಂದಂಗಿದಾನೆ." ಆಮೇಲೆ ತಿರುಗಿ, "ನನ್ನವನೆಲ್ಲಿ?"

ನಿಜ ಹೇಳಬಹುದಿತ್ತು. ಆದರೆ ಲರೂ ಪಕ್ಕದಲ್ಲಿದ್ದಳು, ಎಲ್ಲರೂ ಆರ್ವಿಲ್ಲಾಳ ಮುಖವನ್ನೇ ನೋಡುತ್ತಿದ್ದರು.

"ಮೊಳೆ ಸಡಿಲ ಆಗಿತ್ತು. ತಾನಾಗೇ ಬಿದ್ದು ತೋಳು ಮುರೀತು. ರಿಪೇರಿಗೆ ಕೊಟ್ಟಿದೀವಿ."

ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. "ನೆಲದ ಮೇಲೆ ಬಿಡದೆ ಎತ್ತಿಟ್ಯಲ್ಲ ಮಗಳೇ. ಗಣಿಯಿಂದ ನನ್ನ ಗಂಡನ್ನ ತಂದಾಗ ಮುಖ ನೋಡೋ ಹಾಗಿರಲಿಲ್ಲ. ಪೆಟ್ಟಿಗೆ ಮುಚ್ಚೇ ಇತ್ತು. ನಾನು ಆ ಶಿಲುಬೆಯವನ ಮುಖ ನೋಡ್ಕೊಂಡು ಅತ್ತೆ. ಅವನಿಗೂ ಹಾಗೇ ಆಗಿತ್ತಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡರು. ಲರೂ ಜೆಲ್ಲಿಯ ಬಟ್ಟಲನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸುತ್ತಿದ್ದಳು. ಆರ್ವಿಲ್ಲಾಳ ಕೈ ಮುದುಕಿಯ ಕೆನ್ನೆಯಲ್ಲಿ ಸುಡುತ್ತಿತ್ತು. ಹಿಂದಕ್ಕೆ ಎಳೆದುಕೊಳ್ಳುವ ಧೈರ್ಯವೂ ಬರಲಿಲ್ಲ.

ಮನೆಗೆ ಹೋದವಳೇ ನೆಲಮಾಳಿಗೆಗೆ ಇಳಿದು ಗೋಣಿ ಬಿಚ್ಚಿದಳು. ಗಾಯದೊಳಗೆ ಆಲೂಗೆಡ್ಡೆಯ ಮಣ್ಣು ಸೇರಿತ್ತು. ಏಪ್ರನ್ನಿನ ತುದಿಯಿಂದ ಒರೆಸುತ್ತಾ ಪಾದದ ಹತ್ತಿರ ಬಂದಾಗ, ಅಲ್ಲಿ ಬಣ್ಣವೇ ಇಲ್ಲದ್ದು ಕಂಡಿತು. ಬೆರಳುಗಳು ಸವೆದು ಒಂದಾಗಿದ್ದವು. ಮುತ್ತಿಟ್ಟು ಮುತ್ತಿಟ್ಟು ಸವೆದದ್ದೆಂದು ಅವಳಿಗೆ ತಡವಾಗಿ ಹೊಳೆಯಿತು. ಈಗಲೂ ಆ ಮುಖ ನೋಡಲು ಅವಳಿಂದಾಗಲಿಲ್ಲ. ಆದರೆ ತಾನು ಅದನ್ನು ನೋಡಿ ನಕ್ಕದ್ದು ನೆನಪಾಗಿ, ಸವೆದ ಆ ಪಾದವನ್ನು ಇನ್ನೊಮ್ಮೆ ಒರೆಸಿದಳು.

ಸಂಜೆಯಾಗುವ ಮೊದಲೇ ಅದನ್ನು ಎದೆಗೆ ಒತ್ತಿ ಹಿಡಿದು ಪಕ್ಕದ ಮನೆಗೆ ಹೋದಳು.

"ತಾನಾಗೇ ಬೀಳ್ಲಿಲ್ಲ ಫಿಲೊಮೆನಾ. ನಾನೇ ತೆಗೆದೆ. ನಿಮಗೆ ಇದು ಬೇಡ ಅಂತ ನಾನೇ ಅಂದ್ಕೊಂಡೆ. ಆಲೂಗೆಡ್ಡೆ ಜೊತೆ ಇಟ್ಟಿದ್ದೆ."

ಫಿಲೊಮೆನಾ ಮುರಿದ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. "ಅವರೆಲ್ಲ ನೋಡಿದ್ರಾ?"

"ನೋಡಿದ್ರು."

"ನಕ್ಕರಾ?"

"ನಕ್ಕರು."

"ನೀನು?"

ಆರ್ವಿಲ್ಲಾ ತಲೆ ತಗ್ಗಿಸಿದಳು. "ನಾನೂ."

ಮುದುಕಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನಿನ್ನ ಯೇಸೂನ ತಗೊಂಡು ಹೋಗು. ಅವನ ಮೇಲೆ ನನಗೇನೂ ಸಿಟ್ಟಿಲ್ಲ," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ತೋಳನ್ನು ಅಂಟಿಸಿ ಶಿಲುಬೆಯನ್ನು ಮತ್ತೆ ಮೇಲೇರಿಸಿದ್ದು ಫಿಲೊಮೆನಾಳ ಚರ್ಚಿನ ಬಡಗಿ. ವರ್ಲ್ ಸಹಾಯಕ್ಕೆ ಹೋಗಿದ್ದ. ಫಿಲೊಮೆನಾ ಅವನನ್ನು ಬಾಗಿಲಲ್ಲೇ ತಡೆದು, ನಯವಾಗಿಯೇ ಹಿಂದೆ ಕಳಿಸಿದಳು. ಆರ್ವಿಲ್ಲಾ ದಿನವೂ ಸೂಪು ಒಯ್ಯುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಬರಬೇಕು, ಅಷ್ಟೇ. ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಒಳಗಿನಿಂದ ಜಪದ ಗುನುಗು ಕೇಳುತ್ತಿತ್ತು. ತೊಳೆದ ಪಾತ್ರೆ ಮರುದಿನ ಮೇಜಿನ ಮೇಲಿರುತ್ತಿತ್ತು.

ಹಿಮ ಕರಗಿದ ಮೇಲೆ ಒಂದು ಮಧ್ಯಾಹ್ನ ಒಳಗಿನಿಂದ ಕೆಮ್ಮು ಕೇಳಿತು, ಹಿಂದೆಯೇ ಮಾತು. "ಅಲ್ಲೇ ನಿಂತ್ಕೊಂಡು ಏನ್ ಮಾಡ್ತೀಯ? ಒಳಗೆ ಬಾ."

ಆರ್ವಿಲ್ಲಾ ಒಳಗೆ ಹೋದಳು. ಮಂಚದ ಪಕ್ಕದ ಕುರ್ಚಿಯಲ್ಲಿ, ಆ ಗೋಡೆಗೆ ಬೆನ್ನು ಹಾಕಿ ಕೂತಳು. ತಿರುಗಿ ನೋಡಲಿಲ್ಲ. ನೋಡು ಎಂದು ಫಿಲೊಮೆನಾಳೂ ಹೇಳಲಿಲ್ಲ.

"ಇವತ್ತೇನು ತಂದಿದೀಯ?" ಎಂದಳು ಮುದುಕಿ.

"ಬೀನ್ಸ್ ಸೂಪು."

"ಉಪ್ಪು ಹಾಕಿದ್ಯಾ ಇವತ್ತಾದ್ರೂ?"

"ಹಾಕಿದೀನಿ," ಎಂದಳು ಆರ್ವಿಲ್ಲಾ, ಚಮಚ ಹುಡುಕುವ ನೆಪದಲ್ಲಿ ಮುಖ ತಗ್ಗಿಸಿಕೊಂಡು.