ಜೂನ್ ಒಂದರ ಮಕ್ಕಳು

ದಾಖಲೆ ತಪಾಸಣೆಗೆ ಕೂತ ಸತ್ತಾರ್ ಸಾಬರ ಬೆರಳು ಕಾಗದದ ಮೇಲೆ ಇಳಿಯುತ್ತಿದೆ, ಉಗುರಿನ ತುದಿಯಲ್ಲಿ ಹಳೆಯ ಮದರಂಗಿಯ ಕೆಂಪು, ಮನೆಯಲ್ಲಿ ಯಾವುದೋ ಮದುವೆ ಆಗಿರಬೇಕು, ದುರ್ಗಾ ಅನ್ನುವ ಹೆಸರು ದಾಟಿತು, ತಾಯಿ ಹಣಮಮ್ಮ ದಾಟಿತು, ಊರು ಅರಕೇರಾ ದಾಟಿತು, ಇನ್ನೊಂದು ಸಾಲು ಇಳಿದರೆ ಮುಗಿಯಿತು, ಶಿವನೇ, ಹತ್ತು ಹುಡುಗಿಯರ ಕಾಗದದ ಮೇಲೆ ಹಾಗೆಯೇ ಇಳಿದುಹೋಗಿ ಸಹಿಯ ಜಾಗಕ್ಕೆ ಮುಟ್ಟಿದ ಬೆರಳು ಅದು, ಇದೊಂದು ಕಾಗದಕ್ಕೆ ಏಕೆ ನಿಂತಿತು — ಶಾಮಿಯಾನದ ತೂತಿನಿಂದ ಬಿಸಿಲಿನ ಒಂದು ಬಿಲ್ಲೆ ಮೇಜಿನ ಮೇಲೆ ಬಿದ್ದಿದೆ, ಮಾಘದ ಬಿಸಿಲೇ ಹೀಗಿದ್ದರೆ ರಾಯಚೂರಿನ ಚೈತ್ರ ಹೇಗಿರುತ್ತದೆ ಎಂದು ಹೊರಗಿನಿಂದ ಬಂದ ಆಯ್ಕೆದಾರರು ಆಗಲೇ ಗೊಣಗಿದರು, ನನ್ನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಬಂದಿದೆ, ಒರೆಸಿಕೊಳ್ಳಬೇಕು, ಒರೆಸಿಕೊಂಡರೆ ಅಳಿಸಿಹೋಗುತ್ತದೆ. ಮೈದಾನದಲ್ಲಿ ಖೋ ಖೋ ಆಟ ಮುಗಿದಿದೆ, ಆಟದ ಅಂಕದಲ್ಲಿ ದುರ್ಗಾ ಇಡೀ ಜಿಲ್ಲೆಗೆ ಮೊದಲು, ಇನ್ನು ಉಳಿದದ್ದು ವಯಸ್ಸಿನ ಕಾಗದ ಒಂದೇ, ಅದೂ ಆದರೆ ಹೆಣ್ಣುಮಕ್ಕಳ ಕ್ರೀಡಾ ವಸತಿ ಶಾಲೆ, ಪಿಯುಸಿಯವರೆಗೆ ಓದು, ಊಟ, ಆಟ, ಆಗದಿದ್ದರೆ ಬರುವ ಸೋಮವಾರ ಅರಕೇರಾದಿಂದ ಗುಳೆ ಹೊರಡುವ ಗಾಡಿ, ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಬುಡದ ತಗಡಿನ ಜೋಪಡಿ, ತಲೆಯ ಮೇಲೆ ಇಟ್ಟಿಗೆ. ಹಣಮಮ್ಮ ಸುತ್ತುಬಳಸಿ ಹೇಳುವವಳಲ್ಲ, ಬೆಳಿಗ್ಗೆ ಬಸ್ಸಿಳಿದ ಕೂಡಲೇ ಹೇಳಿದಳು, ಸಾಲಿ ಸಿಕ್ಕರ ಎದಿ ಗಟ್ಟಿ ಮಾಡ್ಕೊಂಡು ಬಿಟ್ಟು ಹೋಗ್ತೀನ್ರಿ ಮಾಸ್ತರ, ಸಿಗಲಿಲ್ಲಂದ್ರ ಬೆಳೆಯೋ ಹುಡುಗಿನ ಒಬ್ಬಾಕಿನ ಯಾರ ಮನಿಯಾಗ ಬಿಡ್ಲಿ, ನಮ್ಮ ಕೂಡ ಬರಬೇಕಾಗ್ತದ, ಬಂದಮ್ಯಾಲ ಮತ್ತೆ ಓದೋದು ಎಲ್ಲಿ, ಆಡೋದು ಎಲ್ಲಿ. ಹುಡುಗಿ ತಾಯಿಯ ಸೆರಗಿನ ಹಿಂದೆ ನಿಂತು ನಗುತ್ತಿದ್ದಳು, ಸಿಗದೇ ಇರುವುದೆಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲ, ತಾನು ಬೆನ್ನಟ್ಟಿದವರನ್ನು ಇದುವರೆಗೂ ಅವಳು ಮುಟ್ಟದೇ ಬಿಟ್ಟಿಲ್ಲ.

ಸತ್ತಾರ್ ಸಾಬ ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು, ನಗುತ್ತಿದ್ದಾರೆ, ಈ ಮನುಷ್ಯ ಕೆಟ್ಟ ಸುದ್ದಿಯನ್ನು ಯಾವಾಗಲೂ ನಗುತ್ತಲೇ ಹೇಳುವುದು, ಏನ್ರಿ ಪಂಪಾಪತಿ ಮಾಸ್ತರ, ನಿಮ್ಮ ದೇವದುರ್ಗದ ಕಡಿ ಹೆಣ್ಮಕ್ಕಳು ಎಲ್ಲಾರೂ ಜೂನ್ ಒಂದಕ್ಕೇ ಹಡಿತಾರೇನು, ಉಳಿದ ದಿವಸ ಸೂಲಗಿತ್ತಿಗೆ ರಜಾನ? ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ ಅನ್ನಿಸುತ್ತದೆ, ನಂದೂ ಜೂನ್ ಒಂದೇ ಬಿಡ್ರಿ ಎಂದು ಅವರೇ ಮುಂದುವರಿಸಿದರು, ಆದ್ರ ನಿಯಮ ನೋಡ್ರಿ, ಜೂನ್ ಒಂದಕ್ಕ ಹದಿನಾಲ್ಕು ತುಂಬಿರಬಾರದು ಅಂತ ಅದ, ಈಕಿಗೆ ಅವತ್ತೇ ತುಂಬತಾವ, ಒಂದು ದಿನ ಮಾಸ್ತರ, ಒಂದೇ ದಿನ, ಎರಡನೇ ತಾರೀಖು ಅಂತ ಇದ್ದಿದ್ರ ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ. ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತಾರೆ, ಈಗ ಹನ್ನೊಂದು ಹತ್ತು, ಒಂದು ದಿನ ಎಂದರೆ ಎಷ್ಟು, ಒಂದು ಸಲ ಹೊತ್ತು ಹುಟ್ಟಿ ಮುಳುಗುವುದು, ಎರಡು ಹೊತ್ತಿನ ಪೂಜೆ, ಅಷ್ಟೇ — ಅಲ್ಲ, ಅಷ್ಟಲ್ಲ, ಅದು ಒಂದು ದಿನವಲ್ಲ, ಏಳು ತಿಂಗಳು, ನನಗೆ ಗೊತ್ತಿದೆ, ಈ ಮೇಜಿನ ಸುತ್ತ ನನಗೊಬ್ಬನಿಗೇ ಗೊತ್ತಿದೆ, ಆ ಹುಡುಗಿ ಹುಟ್ಟಿದ್ದು ಜೂನಿನಲ್ಲಿ ಅಲ್ಲವೇ ಅಲ್ಲ, ಅದರ ಮುಂದಿನ ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದು ಸಂಜೆ ಬುಟ್ಟಿ ಇಳಿಸುವಾಗ ಹೊಟ್ಟೆ ನೋವು ಕಂಡಿತಂತೆ, ದೀಪ ಹಚ್ಚುವುದರೊಳಗೆ ಕೂಸು ಬಂದಿತಂತೆ, ಹಣಮಮ್ಮ ನನಗೆ ಹೇಳಿದ್ದಾಳೆ, ಎಂಟು ವರ್ಷದ ಹಿಂದೆ ಅರಕೇರಾದ ಶಾಲೆಯಲ್ಲಿ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಾಳೆ, ಕೈ ಹಿಡಿದು ನಿಂತ ಈ ಹುಡುಗಿ, ಮೂಗಿನಲ್ಲಿ ಸಿಂಬಳ, ಮುಷ್ಟಿಯಲ್ಲಿ ಅರ್ಧ ತಿಂದ ಕೊಬ್ಬರಿ ಚೂರು.

ಆ ದಿನ ಜೂನ್ ತಿಂಗಳ ಮೊದಲ ಮಳೆ ಬಿದ್ದು ಶಾಲೆಯ ಅಂಗಳ ಮಣ್ಣಿನ ವಾಸನೆ ಹೊಡೆಯುತ್ತಿತ್ತು, ಸಾಲಿನಲ್ಲಿ ತಾಯಂದಿರು, ಯಾರಿಗೂ ತಾರೀಖು ಗೊತ್ತಿಲ್ಲ, ಜೋಳ ತೆನೆಗೆ ಬಂದಾಗ, ಮಾಸ್ತರ ನೀವೇ ಬರಕೋರಿ, ನಮ್ಮ ಎಮ್ಮಿ ಈದ ವರ್ಷ, ಎಂದು ಒಬ್ಬೊಬ್ಬಳು ಒಂದೊಂದು ಹೇಳಿದಳು, ನಾವು ಮಾಸ್ತರರೆಲ್ಲ ಮಾಡುವುದನ್ನೇ ನಾನೂ ಮಾಡಿದೆ, ಮೊದಲ ಮಗುವಿಗೆ ಜೂನ್ ಒಂದು ಎಂದು ಬರೆದೆ, ಶಾಲೆ ತೆರೆಯುವ ದಿನ, ಲೆಕ್ಕ ಹಿಡಿಯಲು ಸುಲಭ, ಅದರ ಕೆಳಗೆ ಎರಡು ಗೀಟು ಎಳೆದೆ, ಮೇಲಿನಂತೆ ಎಂದು ಹೇಳುವ ಎರಡು ಸಣ್ಣ ಗೀಟು, ಅದರ ಕೆಳಗೆ ಮತ್ತೆ ಎರಡು, ಹಾಗೆ ಹದಿನೆಂಟು ಮಕ್ಕಳು, ಹತ್ತೊಂಬತ್ತನೆಯವಳು ಇವಳು. ಆದರೆ ಹಣಮಮ್ಮ ಗೊತ್ತಿಲ್ಲ ಎನ್ನಲಿಲ್ಲ, ಎಳ್ಳಮಾವಾಸಿ ರೀ ಮಾಸ್ತರ, ಚರಗದ ದಿನ, ನನಗ ಚಂದಂಗ ನೆಪ್ಪದ ಎಂದಳು, ವರ್ಷವನ್ನೂ ಹೇಳಿದಳು, ಐದು ತುಂಬಿತ್ತು, ಆ ವಯಸ್ಸಿಗೆ ಸೇರಿಸಿಕೊಳ್ಳುತ್ತಿದ್ದೆವು, ಸುಳ್ಳು ಬೇಕಾಗಿರಲಿಲ್ಲ, ನನ್ನ ತಲೆಯ ಮೇಲೆ ಮೊಳೆಗೆ ಪಂಚಾಂಗ ತೂಗುತ್ತಿತ್ತು, ಹಳೆಯವು ಬೀರುವಿನಲ್ಲಿ ಇದ್ದವು, ಎದ್ದು ನಾಲ್ಕು ಹೆಜ್ಜೆ ಹೋಗಿ ಬೀರು ತೆರೆದರೆ ತಾರೀಖು ಸಿಗುತ್ತಿತ್ತು, ನಾನು ಏಳಲಿಲ್ಲ, ಬರಕೊಂಡ್ರ್ಯಾ ಮಾಸ್ತರ ಎಂದು ಕೇಳಿದಳು, ಬರಕೊಂಡೆ ಬಿಡವ್ವಾ ಎಂದೆ, ಕೈ ಆಗಲೇ ಎರಡು ಗೀಟು ಎಳೆದಿತ್ತು. ಅಷ್ಟು ಸಣ್ಣದು. ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ನಿತ್ಯ ಲಿಂಗ ಹಿಡಿಯುವ ಇದೇ ಎಡಗೈ ದಾಖಲೆ ಪುಸ್ತಕವನ್ನು ಅದುಮಿ ಹಿಡಿದಿತ್ತು, ಗಾಳಿಗೆ ಹಾಳೆ ಹಾರಬಾರದೆಂದು. ಮುಂದೆ ನನಗೆ ರಾಯಚೂರಿಗೆ ವರ್ಗವಾಯಿತು, ಕೋಟೆಯ ಹಿಂದಿನ ಖಾಲಿ ಜಾಗದಲ್ಲಿ ಹೆಣ್ಣುಮಕ್ಕಳ ಖೋ ಖೋ ಬಳಗ ಕಟ್ಟಿದೆ, ನಾಲ್ಕು ಮಕ್ಕಳಿಂದ ನಲವತ್ತಾದರು, ಕಲ್ಲು ಆರಿಸಿದ್ದು ಅವರೇ, ನೀರು ಚಿಮುಕಿಸಿ ಕೆಮ್ಮಣ್ಣು ಹದ ಮಾಡಿದ್ದು ಅವರೇ, ಒಂದು ದಿನ ಮಲ್ಲಟದ ಶಾಲಾ ಪಂದ್ಯದಲ್ಲಿ ಬರಿಗಾಲಿನ ಹುಡುಗಿಯೊಬ್ಬಳು ಕಂಬ ಹಿಡಿದು ತಿರುಗಿದ್ದನ್ನು ನೋಡಿ ಎದ್ದು ನಿಂತೆ, ಯಾರವ್ವಾ ನೀನು ಎಂದೆ, ನಾನು ಹಣಮಮ್ಮನ ಮಗಳು ರೀ, ನೀವೇ ನನ್ನ ಹೆಸರು ಬರಕೊಂಡಿದ್ರಂತ, ನಮ್ಮವ್ವ ಹೇಳ್ತಾಳ, ಎಂದಳು. ಶಿವ ಕೊಟ್ಟದ್ದು ಎಂದುಕೊಂಡೆ. ಎರಡು ವರ್ಷ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬರುತ್ತಿದ್ದಳು, ಚೀಲದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಕಾಗದ ತಾ ಎಂದು ಆಗಲೇ ಏಕೆ ಕೇಳಲಿಲ್ಲ ನಾನು, ಆಟ ನೋಡಿದೆ, ಕಾಲು ನೋಡಿದೆ, ಉಸಿರು ನೋಡಿದೆ, ನಾನೇ ಬರೆದದ್ದನ್ನು ಮಾತ್ರ ನೋಡಲಿಲ್ಲ.

ಒಂದು ದಾರಿ ಅದ ಎಂದು ಸತ್ತಾರ್ ಸಾಬ ದನಿ ತಗ್ಗಿಸಿದರು, ಅವರೂ ಒಂದು ಕಾಲಕ್ಕೆ ಖೋ ಖೋದಲ್ಲಿ ಕಂಬ ಕಾದವರು, ಒಳ್ಳೆಯ ಆಟ ಕಂಡರೆ ಬಿಡಲು ಮನಸ್ಸು ಬಾರದು, ಈ ದಾಖಲಾತಿ ಬರದ ಮಾಸ್ತರ ಯಾರದಾರ ಅವರು ಇಲ್ಲೇ ಬಂದು, ನಾ ತಪ್ಪು ಬರದೀನಿ, ತಾಯಿ ಹೇಳಿದ ದಿನ ಬ್ಯಾರೆ ಇತ್ತು ಅಂತ ಸಹಿ ಮಾಡಿ ಕೊಟ್ರ, ತಾತ್ಕಾಲಿಕ ಪಟ್ಟಿಗೆ ಹಾಕ್ತಾರ, ಆಮೇಲೆ ವಿಚಾರಣಿ ಆಗ್ಲಿ, ಕೋರ್ಟ್ ಆಗ್ಲಿ, ಹುಡುಗಿ ಅಂತೂ ಒಳಗ ಇರ್ತಾಳ, ಯಾರ್ರಿ ಇದು ಬರದವ್ರು, ಜೆರಾಕ್ಸ್‌ನಾಗ ಸಹಿ ತಿಳೀವಲ್ದು. ಸಹಿ ನನ್ನದು. ಪ ಅಕ್ಷರದ ಕೊಂಡಿ ಕಾಣುತ್ತಿದೆ, ನನಗೆ ಮಾತ್ರ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ, ವಿಚಾರಣೆ ಎಂದರೆ ಹತ್ತೊಂಬತ್ತು ಮಕ್ಕಳ ಸಾಲು ತೆರೆಯುತ್ತದೆ, ಅದಕ್ಕೂ ಹಿಂದಿನ ವರ್ಷಗಳು ತೆರೆಯುತ್ತವೆ, ಪತ್ರಿಕೆಯವರು ಬರುತ್ತಾರೆ, ಊರೂರಲ್ಲಿ ಶರಣ ಮಾಸ್ತರ, ಸುಳ್ಳಾಡದ ಮಾಸ್ತರ ಎಂದು ಕೈ ಮುಗಿಯುವವರು — ಹೇಳಬೇಕು, ಒಂದು ಮಾತು, ನಾನು ಅಂತ ಎರಡೇ ಅಕ್ಷರ, ಹೇಳುತ್ತೇನೆ, ನೀರು ಕುಡಿದು ಹೇಳುತ್ತೇನೆ, ಅಷ್ಟರಲ್ಲಿ ಸತ್ತಾರ್ ಸಾಬ ಹಣಮಮ್ಮನನ್ನೇ ಕೇಳಿಬಿಟ್ಟರು, ಯವ್ವಾ, ನಿನ್ನ ಮಗಳ ತಾರೀಖು ಯಾರು ಬರಕೊಂಡ್ರು, ನೆಪ್ಪದೇನು? ಹಣಮಮ್ಮ ನನ್ನ ಮುಖ ನೋಡಿದಳು. ಅದರಲ್ಲಿ ದೂರಿಲ್ಲ, ಒಂದಿಷ್ಟೂ ಇಲ್ಲ, ಗುಡಿಯಲ್ಲಿ ಕಾಯಿ ಕೊಳೆತದ್ದು ಬಂದರೆ ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಳ್ಳುವವರ ಮುಖ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಂದಳು, ಬರದವ್ರು ದೇವರಂಥಾ ಮಂದಿ ರೀ ಸಾಹೇಬ್ರ, ಅವರು ತಪ್ಪು ಬರೆಯೋರಲ್ಲ, ನಾನು ಓದಿಲ್ದಾಕಿ, ನಾನೇ ತಪ್ಪು ಹೇಳಿರಬೇಕು. ಪಕ್ಕದಲ್ಲಿ ದುರ್ಗಾ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು, ತಾಯಿಯ ಕಡೆ ತಿರುಗಿ, ಅಷ್ಟೂ ಗೊತ್ತಾಗ್ಲಿಲ್ಲೇನಬೇ ನಿನಗ, ಹಡೆದಾಕಿ ನೀನು, ನಾ ಯಾವತ್ತ ಹುಟ್ಟೀನಿ ಅಂತ ಅಷ್ಟೂ ನೆಪ್ಪಿಡ್ಲಿಲ್ಲೇನು, ಎಂದು ಚೀರಿದಳು, ಹಣಮಮ್ಮ ತಲೆ ತಗ್ಗಿಸಿದಳು, ಹೌದವ್ವಾ, ನನ್ನ ಬಾಯಿ ಸುಡ್ಲಿ, ಎಂದಳು. ನಾನು ಅಲ್ಲೇ ಇದ್ದೆ. ಎರಡು ಮಾರು ದೂರದಲ್ಲಿ ಇದ್ದೆ. ಮೈದಾನದಾಚೆಯ ಬೇವಿನ ಮರದಲ್ಲಿ ಒಂದು ಕಾಗೆ ಕೂಗುತ್ತಿತ್ತು, ಅದನ್ನೇ ಕೇಳುತ್ತಿದ್ದೆ.

ಹುಡುಗಿ ಹೋಗಿ ಅಂಕಣದಲ್ಲಿ ಕೂತುಬಿಟ್ಟಿದ್ದಾಳೆ, ಖಾಲಿ ಅಂಕಣ, ಎರಡು ಕಂಬ, ನಡುವೆ ಸುಣ್ಣದಲ್ಲಿ ಬರೆದ ಎಂಟು ಚೌಕ, ಏಳರಲ್ಲಿ ಯಾರೂ ಇಲ್ಲ, ಒಂದರಲ್ಲಿ ಇವಳು, ತುದಿಗಾಲಿನ ಮೇಲೆ, ಎರಡೂ ಅಂಗೈ ನೆಲಕ್ಕೆ ಊರಿ, ನಮಗೆ ಬೆನ್ನು ಮಾಡಿ, ಬಿಳಿ ಬನಿಯನ್ನಿನ ಬೆನ್ನಿನ ಮೇಲೆ ಕೆಮ್ಮಣ್ಣಿನ ಐದು ಬೆರಳು ಮೂಡಿವೆ, ಬೆಳಿಗ್ಗೆಯ ಆಟದಲ್ಲಿ ನಮ್ಮ ಬಳಗದ ಕಲ್ಯಾಣಿ ಓಡಿಬಂದು ಖೋ ಕೊಟ್ಟದ್ದು, ಬೆವರಿಗೆ ಅಂಟಿ ಒಣಗಿದೆ, ಹೆಬ್ಬೆರಳಿನ ಗುರುತು ಕೂಡ ಕಾಣುತ್ತಿದೆ. ಹನ್ನೊಂದೂವರೆ. ಏಳವ್ವಾ, ಬಸ್ ತಪ್ತದ, ಎಂದು ಹಣಮಮ್ಮ ಗೆರೆಯ ಹೊರಗೆ ನಿಂತು ಕರೆಯುತ್ತಿದ್ದಾಳೆ, ಚಪ್ಪಲಿಯ ಕಾಲು ಅಂಕಣದೊಳಗೆ ಇಡಬಾರದೆಂದು ಮಗಳೇ ಹೇಳಿಕೊಟ್ಟಿರಬೇಕು, ಹುಡುಗಿ ಏಳುವುದಿಲ್ಲ, ನಾನೇ ಕಲಿಸಿದ್ದು, ಕೈ ಬೆನ್ನಿಗೆ ತಾಗಬೇಕು, ಖೋ ಅನ್ನುವುದು ಕಿವಿಗೆ ಬೀಳಬೇಕು, ಅದಕ್ಕೆ ಮುಂಚೆ ಎದ್ದರೆ ತಪ್ಪು, ಇನ್ನೊಂದೂ ಕಲಿಸಿದ್ದೆ, ನಮ್ಮ ಬಳಗದಲ್ಲಿ ಸೀಟಿ ಊದುವವರಿಲ್ಲ, ತಪ್ಪು ಮಾಡಿದವರು ತಾವೇ ಕೈ ಎತ್ತಬೇಕು, ಯಾರೂ ನೋಡಿರದಿದ್ದರೂ ಎತ್ತಬೇಕು, ನೋಡುವವನು ಮೇಲೆ ಇದ್ದಾನೆ ಎಂದು ಆಟ ಮುಗಿದಾಗಲೆಲ್ಲ ಹೇಳುತ್ತಿದ್ದೆ, ಎಲ್ಲ ಮಕ್ಕಳೂ ಕೇಳಿದರು, ಇವಳೊಬ್ಬಳು ನಂಬಿದಳು, ಮಾನ್ವಿಯ ಕೊನೆಯ ಪಂದ್ಯದಲ್ಲಿ ಒಂದೇ ಅಂಕ ಬೇಕಾಗಿತ್ತು, ಸೀಟಿಯವನು ಆ ಕಡೆ ನೋಡುತ್ತಿದ್ದ, ಅವಳ ಕಾಲು ನಡುಗೆರೆ ದಾಟಿತ್ತು, ಓಡುತ್ತಿದ್ದವಳು ನಿಂತು ತಾನೇ ಕೈ ಎತ್ತಿದಳು, ಸೋತೆವು, ಬಸ್ಸಿನಲ್ಲಿ ಉಳಿದವರೆಲ್ಲ ಬೈದರು, ಲೇ ಸತ್ಯವಂತಿ, ನಿನ್ನ ಸತ್ಯ ರೊಟ್ಟಿಗೆ ಹಚ್ಕೊಂಡು ತಿನ್ನು ಎಂದು ಕಲ್ಯಾಣಿ ಹಂಗಿಸಿದಳು, ರಾಯಚೂರು ಬರುವವರೆಗೂ ಇವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಆಮೇಲೆ ನನ್ನ ಹತ್ತಿರ ಬಂದು, ಬರೋಬ್ಬರಿ ಮಾಡೀನೇನ್ರಿ ಸರ್ ಎಂದಳು, ಬರೋಬ್ಬರಿ ಮಾಡೀಯವ್ವಾ ಎಂದೆ, ನಾನು, ಈ ಬಾಯಿಂದ. ಬೆನ್ನಿನ ಮೇಲೆ ಐದು ಬೆರಳು. ಹತ್ತಿರ ಹೋಗಬೇಕು, ಇಲ್ಲ, ಮೇಜಿನ ಹತ್ತಿರ ಹೋಗಬೇಕು, ಮೇಜು ಎಡಕ್ಕೆ, ಅವಳು ಬಲಕ್ಕೆ, ಹನ್ನೆರಡಕ್ಕೆ ಹತ್ತು ನಿಮಿಷ, ಸತ್ತಾರ್ ಸಾಬ ಚಹಾ ಕುಡಿಯುತ್ತಿದ್ದಾರೆ, ಬಟ್ಟಲು ಖಾಲಿಯಾಗಲಿ, ಖಾಲಿಯಾದ ಕೂಡಲೇ ಹೋಗಿ ಹೇಳುತ್ತೇನೆ, ಸೂಗೂರೇಶಾ, ನನ್ನ ದೇವರೇ, ನೀನೇ ನೂಕು, ಹಿಂದಿನಿಂದ ನೂಕು ನನ್ನನ್ನು, ಯಾರೂ ನೂಕುವುದಿಲ್ಲ, ಹಣಮಮ್ಮ ಬಂದಳು, ನೀವು ಹೇಳ್ರಿ ಮಾಸ್ತರ, ನಿಮ್ಮ ಮಾತು ಕೇಳ್ತಾಳ, ನನ್ನ ಮ್ಯಾಲ ಸಿಟ್ಟದ ಆಕಿಗೆ, ಇರಬೇಕಾದ್ದೇ, ಎಂದು ಕೈ ಮುಗಿದಳು, ನನಗೆ ಕೈ ಮುಗಿದಳು, ನಾನು ಚಪ್ಪಲಿ ಬಿಟ್ಟೆ, ಗೆರೆ ದಾಟಿದೆ, ಮಣ್ಣು ಕಾಲು ಸುಡುತ್ತಿದೆ, ಅವಳ ಹಿಂದೆ ನಿಂತೆ, ಅವಳಿಗೆ ಗೊತ್ತಾಗಿದೆ, ಕುತ್ತಿಗೆಯ ನರ ಬಿಗಿಯಿತು, ತಿರುಗಲಿಲ್ಲ, ಆಟದಲ್ಲಿ ತಿರುಗಬಾರದು, ಸರ್, ಬಂದ್ರ್ಯಾ ಎಂದಳು, ಇನ್ನೂ ಏನರೆ ಆಗ್ತದೇನ್ರಿ ಸರ್, ನೀವು ಹೇಳಿದ್ರ ಕೇಳ್ತಾರೇನು — ಹಿಂದೆ ಸತ್ತಾರ್ ಸಾಬರ ಕುರ್ಚಿ ಕಿರುಗುಟ್ಟಿತು, ಕಡತದ ದಾರ ಎಳೆದು ಬಿಗಿದ ಸದ್ದು, ಪಟ್ಟಿ ಮುಗೀತ್ರೆಪಾ, ಎಲ್ಲಾ ಎತ್ರಿ, ಎಂದರು ಯಾರಿಗೋ, ಶಾಮಿಯಾನದ ಒಂದು ಗೂಟ ಕಿತ್ತರು, ಹುಡುಗಿಗೂ ಕೇಳಿಸಿರಬೇಕು, ಏಳಲಿಲ್ಲ, ಕಾಯುತ್ತಿದ್ದಾಳೆ, ನನ್ನ ಕೈ ಎತ್ತಿದರೆ ಅವಳ ಬೆನ್ನಿಗೆ ಒಂದು ಗೇಣು, ಆ ಗುರುತಿನ ಮೇಲೆಯೇ ಇಟ್ಟರೆ ಬೆರಳಿಗೆ ಬೆರಳು ಕೂಡುತ್ತದೆ, ಇಟ್ಟರೆ ಎದ್ದು ಓಡುತ್ತಾಳೆ, ಎಲ್ಲಿಗೆ ಓಡಲಿ ಎಂದು ಕೇಳುವುದಿಲ್ಲ, ಬೆನ್ನು ಉಸಿರಿಗೆ ಏರುತ್ತದೆ, ಇಳಿಯುತ್ತದೆ, ಕೆಮ್ಮಣ್ಣಿನ ಬೆರಳು ಏರುತ್ತವೆ, ಇಳಿಯುತ್ತವೆ, ಐದು ಬೆರಳು, ಏರುತ್ತವೆ, ಐದು ಬೆರಳು, ಮಣ್ಣಿನವು,